ಕಾಫಿ ತೋಟದ ವರ್ಣತಂತುಗಳು: ಬೆಳೆಗಳಲ್ಲಿ ಜೀನೋಮ್ ಇಮ್ಮಡಿಯಾದುದನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಜೀನೋಮ್, ಅಂದರೆ ಒಂದು ಜೀವಿಯ ಒಟ್ಟು ಡಿಎನ್‌ಎ, ಇಮ್ಮಡಿಯಾಗುವುದು ಎಂದರೇನೆಂದು ತಿಳಿಯಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. ಒಂದೇ ತೋಟದ ರೋಬಸ್ಟಾ ಗಿಡದ ದೇಹಕೋಶದಲ್ಲಿ ಡಿಎನ್‌ಎ ಹೊತ್ತ 22 ವರ್ಣತಂತುಗಳು (ಕ್ರೋಮೋಸೋಮ್) ಇದ್ದರೆ ಪಕ್ಕದ ಅರೇಬಿಕಾದಲ್ಲಿ 44 ಇರುತ್ತವೆ. ಸಿಲ್ವರ್ ಮರಕ್ಕೆ ಹಬ್ಬಿಸಿದ ಕರಿಮೆಣಸಿನಲ್ಲಿ 52, ತಗ್ಗಿನ ಏಲಕ್ಕಿಯಲ್ಲಿ 48, ಕಿತ್ತಳೆಯಲ್ಲಿ 18, ಗದ್ದೆಯ ಭತ್ತದಲ್ಲಿ 24. ಬಾಳೆಯ ಹಿತ್ತಲಿನಲ್ಲಿ ಏಲಕ್ಕಿ ಬಾಳೆಗೆ 22 ಇದ್ದರೆ ಅದರ ಮಗ್ಗುಲಿನ ನೇಂದ್ರ ಬಾಳೆಗೆ 33. ಈ ಸಂಖ್ಯೆಗಳು ಪಠ್ಯಪುಸ್ತಕದಲ್ಲಿ ಸಿಗುತ್ತವೆ. ಆದರೆ ಅವು ಹೇಗೆ ಬಂದವು, ಅವುಗಳ ಹಿಂದೆ ಏನು ನಡೆದಿದೆ ಎಂಬುದನ್ನು ಸ್ವತಃ ಪರೀಕ್ಷಿಸುವ ಕ್ರಮವನ್ನು ಕನ್ನಡದಲ್ಲಿ ಒಂದೆಡೆ ವಿವರಿಸಬೇಕೆಂಬುದು ಈ ಬರಹದ ಉದ್ದೇಶ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ವಿದ್ಯಾರ್ಥಿಗಳನ್ನೂ ತಮ್ಮ ತೋಟದ ವಿಚಿತ್ರ ಗಿಡವೊಂದರ ಬಗ್ಗೆ ಕುತೂಹಲವುಳ್ಳ ಬೆಳೆಗಾರರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಇಲ್ಲಿ ಹೇಳುವ ಪ್ರತಿ ಪರೀಕ್ಷೆಯೂ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಎಲೆ ನೋಡಿ ಸಂಖ್ಯೆ ಹೇಳುವುದು, ಸಂಖ್ಯೆ ನೋಡಿ ವಂಶ ಹೇಳುವುದು, ವಂಶವಾಹಿಗಳ ವ್ಯತ್ಯಾಸ ನೋಡಿ ಇಮ್ಮಡಿಯಾದ ಕಾಲ ಹೇಳುವುದು, ಇವು ಮೂರೂ ಈ ವಿಷಯದಲ್ಲಿ ಪದೇಪದೇ ಕಾಣುವ ದುಡುಕುಗಳು. ಆದ್ದರಿಂದ ಒಂದೊಂದು ಹಂತದಲ್ಲೂ ಏನನ್ನು ಹೇಳಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಸ್ಪಷ್ಟಪಡಿಸುತ್ತಾ ಹೋಗುತ್ತೇನೆ.

ಮೊದಲ ಹಂತ: ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

ಇಮ್ಮಡಿಯಾಗುವುದು ಎಂಬ ಮಾತಿನೊಳಗೆ ಬೇರೆಬೇರೆ ಘಟನೆಗಳು ಸೇರಿಕೊಂಡಿವೆ. ಇಡೀ ವರ್ಣತಂತು ಸಮೂಹವೇ ದುಪ್ಪಟ್ಟಾಗಬಹುದು. ಅದನ್ನು ಬಹುಗುಣತೆ ಎನ್ನುತ್ತೇವೆ. ಒಂದೇ ವರ್ಣತಂತು ಹೆಚ್ಚಾಗಬಹುದು ಅಥವಾ ಕಳೆದುಹೋಗಬಹುದು. ಇಲ್ಲವೇ ಒಂದು ವರ್ಣತಂತುವಿನೊಳಗೆ ಕೆಲವು ವಂಶವಾಹಿಗಳು ಮಾತ್ರ ಸಾಲಾಗಿ ನಕಲಾಗಿ ಅಕ್ಕಪಕ್ಕದಲ್ಲೇ ಕುಳಿತಿರಬಹುದು. ಕಾಫಿಯ ಕೆಫೀನ್ ಈ ಮೂರನೆಯ ಬಗೆಗೆ ಸೊಗಸಾದ ಉದಾಹರಣೆ. 2014ರಲ್ಲಿ ಪ್ರಕಟವಾದ ರೋಬಸ್ಟಾ ಜೀನೋಮ್ ಅಧ್ಯಯನದಲ್ಲಿ ಕಂಡುಬಂದಂತೆ, ಕೆಫೀನ್ ತಯಾರಿಸುವ ಕಿಣ್ವಗಳ ವಂಶವಾಹಿಗಳು ಕಾಫಿಯಲ್ಲಿ ಇಂಥ ಸಾಲು ನಕಲುಗಳಿಂದ ಹೆಚ್ಚಿವೆ. ಚಹಾ ಮತ್ತು ಕೋಕೋದಲ್ಲಿ ಕೆಫೀನ್ ಪ್ರತ್ಯೇಕವಾಗಿ, ಬೇರೆ ದಾರಿಯಲ್ಲಿ ವಿಕಾಸಗೊಂಡಿದೆ. ಅಂದರೆ ಬೆಳಗಿನ ಕಾಫಿಗೆ ಅದರ ಗುಣವನ್ನು ಕೊಟ್ಟ ಘಟನೆಗೂ ಅರೇಬಿಕಾದ 44 ವರ್ಣತಂತುಗಳಿಗೂ ಸಂಬಂಧವಿಲ್ಲ.

ಇಡೀ ಸಮೂಹ ದುಪ್ಪಟ್ಟಾದಾಗಲೂ ಎರಡು ಬಗೆಗಳಿವೆ. ಒಂದೇ ಪ್ರಭೇದದ ವರ್ಣತಂತುಗಳು ಇಮ್ಮಡಿಯಾದರೆ ಅದು ಸ್ವಬಹುಗುಣಿತ. ಎರಡು ಪ್ರಭೇದಗಳು ಸಂಕರಗೊಂಡು ಎರಡರ ಸಮೂಹಗಳೂ ಪೂರ್ತಿಯಾಗಿ ಉಳಿದರೆ ಅದು ಪರಬಹುಗುಣಿತ. ಅರೇಬಿಕಾ ಎರಡನೆಯ ಬಗೆ. ನಮ್ಮ ರೋಬಸ್ಟಾದ ಪ್ರಭೇದವಾದ ಕಾಫಿಯಾ ಕೆನೆಫೋರಾ ಮತ್ತು ಪೂರ್ವ ಆಫ್ರಿಕಾದ ಕಾಫಿಯಾ ಯೂಜಿನಿಯಾಯ್ಡಿಸ್ ಎಂಬೆರಡು ದ್ವಿಗುಣಿತ (ವರ್ಣತಂತು ಸಮೂಹದ ಎರಡೇ ಪ್ರತಿಗಳಿರುವ) ಪ್ರಭೇದಗಳಿಂದ ಅದು ಹುಟ್ಟಿದೆ, ಮತ್ತು ಕ್ಲೋರೋಪ್ಲಾಸ್ಟಿನ ಡಿಎನ್‌ಎ ನೋಡಿದರೆ ಯೂಜಿನಿಯಾಯ್ಡಿಸ್ ತಾಯಿಯ ಕಡೆಯದು. ರಾಗಿಯೂ ಹೀಗೆಯೇ: ಅದರ 36 ವರ್ಣತಂತುಗಳಲ್ಲಿ ಅರ್ಧ ಎಲ್ಯುಸೀನ್ ಇಂಡಿಕಾ ಎಂಬ, 18 ವರ್ಣತಂತುಗಳ ಸಾಮಾನ್ಯ ಕಳೆಹುಲ್ಲಿನ ಕಡೆಯಿಂದ ಬಂದಿವೆ. ಸಾಸಿವೆ ಕುಟುಂಬದಲ್ಲಿ ಈ ಲೆಕ್ಕವನ್ನು 1935ರಲ್ಲಿ ನಾಗಹಾರು ಯು ಬಿಡಿಸಿದರು: 20 ವರ್ಣತಂತುಗಳ ಬ್ರಾಸಿಕಾ ರಾಪಾ ಮತ್ತು 16ರ ಬ್ರಾಸಿಕಾ ನೈಗ್ರಾ ಕೂಡಿದಾಗ 36ರ ಬ್ರಾಸಿಕಾ ಜುನ್ಸಿಯಾ, ಅಂದರೆ ನಾವು ಒಗ್ಗರಣೆಗೆ ಬಳಸುವ ಸಾಸಿವೆಯ ಪ್ರಭೇದ.

ಪ್ರಕೃತಿಯಲ್ಲಿ ಇದು ಹೆಚ್ಚಾಗಿ ನಡೆಯುವುದು ಲಿಂಗಕೋಶಗಳು ತಯಾರಾಗುವಾಗ ವರ್ಣತಂತುಗಳು ಅರ್ಧವಾಗದೆ ಪೂರ್ತಿಯಾಗಿ ಪರಾಗಕ್ಕೋ ಅಂಡಕ್ಕೋ ಸೇರಿಬಿಟ್ಟಾಗ. ಕಾಂಡದ ತುದಿಯ ಕೋಶದಲ್ಲಿ ವಿಭಜನೆ ನಡುವೆಯೇ ನಿಂತು ಇಮ್ಮಡಿಯಾಗುವುದೂ ಉಂಟು. ನಿಮ್ಮ ಗಿಡದ ಬಗ್ಗೆ ಇವುಗಳಲ್ಲಿ ಯಾವ ಪ್ರಶ್ನೆ ಕೇಳುತ್ತಿದ್ದೀರಿ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯ ಹಂತ: ಗಿಡವನ್ನು ಆರಿಸುವುದು

ಪರೀಕ್ಷಿಸಬೇಕಾದ ಗಿಡದ ಜೊತೆಗೆ, ಸಂಖ್ಯೆ ಖಚಿತವಾಗಿ ತಿಳಿದಿರುವ ಎರಡು ಗಿಡಗಳನ್ನು ಆರಿಸಿಕೊಳ್ಳಿ. ಕಾಫಿಯಲ್ಲಿ ಇದು ಸುಲಭ: ಎಸ್.795ರಂಥ ಅರೇಬಿಕಾ ಮತ್ತು ಎಸ್.274ರಂಥ ರೋಬಸ್ಟಾ ಕೊಡಗಿನಲ್ಲಿ ಹೇರಳವಾಗಿವೆ. ಸಿ×ಆರ್ ಗಿಡಗಳನ್ನು ಸಂಕರವೆಂಬ ಕಾರಣಕ್ಕೆ ಬಹುಗುಣಿತವೆಂದು ಭಾವಿಸಬೇಡಿ. ಕಂಜೆನ್ಸಿಸ್ ಎಂಬ ಕಾಫಿ ಪ್ರಭೇದ ಮತ್ತು ರೋಬಸ್ಟಾ ಎರಡರಲ್ಲೂ 22 ವರ್ಣತಂತುಗಳಿರುವುದರಿಂದ ಅವುಗಳ ಸಂತಾನವೂ ದ್ವಿಗುಣಿತವೇ.

ಹುಡುಕಬೇಕಾದ ಗಿಡಗಳು ಎಲ್ಲಿರುತ್ತವೆ? ಅರೇಬಿಕಾ ಮತ್ತು ರೋಬಸ್ಟಾ ಪಕ್ಕಪಕ್ಕದಲ್ಲಿರುವ ಗಡಿ ಸಾಲುಗಳಲ್ಲಿ ತಾನಾಗಿ ಹುಟ್ಟಿದ ಗಿಡಗಳನ್ನು ಮೊದಲು ನೋಡಿ. 1930ರ ದಶಕದಲ್ಲಿ ಕೊಡಗಿನಲ್ಲೇ ಕಂಡುಬಂದ ದೇವಮಾಚಿ ಎಂಬ ಗಿಡ ಇಂಥ ಸಹಜ ಸಂಕರವಾಗಿದ್ದು, ಮುಂದೆ ತಳಿ ಅಭಿವೃದ್ಧಿಯಲ್ಲಿ ಬಳಕೆಯಾಯಿತು. ತಿಮೋರ್ ದ್ವೀಪದಲ್ಲಿ ದೊರೆತ ಇನ್ನೊಂದು ಸಹಜ ಸಂಕರ ತುಕ್ಕುರೋಗ ತಡೆಯುವ ಶಕ್ತಿಯನ್ನು ರೋಬಸ್ಟಾದಿಂದ ಅರೇಬಿಕಾ ಬಳಗಕ್ಕೆ ತಂದಿತು, ಮತ್ತು ಕಾವೇರಿ, ಚಂದ್ರಗಿರಿ ತಳಿಗಳ ವಂಶದಲ್ಲಿ ಅದೇ ಇದೆ. ಗಡಿ ಸಾಲಿನ ಗಿಡವೊಂದು ತುಂಬ ಹುಲುಸಾಗಿ ಬೆಳೆದು, ಹೂವನ್ನೂ ಧಾರಾಳವಾಗಿ ಬಿಟ್ಟು, ಕಾಯಿ ಮಾತ್ರ ಬಹಳ ಕಡಿಮೆ ಕಟ್ಟಿದರೆ ಅದು 33 ವರ್ಣತಂತುಗಳ, ಅಂದರೆ 11ರ ಮೂರು ಪ್ರತಿಗಳಿರುವ, ತ್ರಿಗುಣಿತವಾಗಿರಬಹುದೆಂಬ ಶಂಕೆಗೆ ಆಧಾರವಿದೆ. ಕಿತ್ತಳೆಯ ಸಸಿಮಡಿಯಲ್ಲಾದರೆ ಒಡನಾಡಿ ಸಸಿಗಳಿಗಿಂತ ದಪ್ಪ, ಅಗಲ, ಕಡುಹಸಿರು ಎಲೆಯ ಸಸಿಯನ್ನು ಬೇರೆ ಮಾಡಿ. ಕಿತ್ತಳೆ ಬೀಜದಲ್ಲಿ ತಾಯಿಯ ಅಂಗಾಂಶದಿಂದಲೇ ಹುಟ್ಟುವ ಭ್ರೂಣಗಳಲ್ಲಿ ಆಗಾಗ ವರ್ಣತಂತುಗಳು ಇಮ್ಮಡಿಯಾಗಿ 36ರ ಸಸಿಗಳು ಬರುತ್ತವೆ.

ಆರಿಸಿದ ಗಿಡಕ್ಕೆ ಅಲ್ಯೂಮಿನಿಯಂ ಪಟ್ಟಿಯಲ್ಲಿ ಗೀಚಿದ ಸಂಖ್ಯೆ ಕಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಕಾಗದವಾಗಲಿ ಶಾಯಿಯಾಗಲಿ ಉಳಿಯುವುದಿಲ್ಲ.

ಮೂರನೆಯ ಹಂತ: ಎಲೆ ಮತ್ತು ಪರಾಗ

ಇದು ಜರಡಿ ಹಿಡಿಯುವ ಹಂತವಷ್ಟೇ. ಪೂರ್ತಿ ಬಲಿತ, ಒಂದೇ ವಯಸ್ಸಿನ, ಒಂದೇ ಪ್ರಮಾಣದ ನೆರಳಿನಲ್ಲಿರುವ ಎಲೆಗಳ ತಳಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಬಳಿಯಿರಿ. ಕಾಫಿಯಲ್ಲಿ ಪತ್ರರಂಧ್ರಗಳಿರುವುದು ತಳಭಾಗದಲ್ಲೇ. ಅದು ಒಣಗಿದ ಮೇಲೆ ಪಾರದರ್ಶಕ ಅಂಟುಪಟ್ಟಿ ಒತ್ತಿ ಎಳೆದರೆ ಎಲೆಯ ಮೇಲ್ಮೈಯ ಅಚ್ಚು ಪಟ್ಟಿಗೆ ಬರುತ್ತದೆ. ಅದನ್ನು ಗಾಜಿನ ಸ್ಲೈಡಿಗೆ ಅಂಟಿಸಿ, 40 ಪಟ್ಟಿನ ಮಸೂರದಲ್ಲಿ, ಕಣ್ಣುಮಸೂರದ ಅಳತೆಪಟ್ಟಿಯಿಂದ ರಂಧ್ರದ ಇಕ್ಕೆಲದ ಕಾವಲು ಕೋಶಗಳ ಉದ್ದ ಅಳೆಯಿರಿ. ಪ್ರತಿ ಗಿಡದಿಂದ ಕನಿಷ್ಠ 30 ರಂಧ್ರಗಳನ್ನಾದರೂ ಅಳೆಯಬೇಕು. ಒಂದು ದೃಷ್ಟಿಕ್ಷೇತ್ರದಲ್ಲಿ ಎಷ್ಟು ರಂಧ್ರಗಳಿವೆ ಎಂಬುದನ್ನೂ ಎಣಿಸಿಕೊಳ್ಳಿ. ಒಂದೇ ಪ್ರಭೇದದೊಳಗೆ ಚತುರ್ಗುಣಿತ ಗಿಡದ ಕಾವಲು ಕೋಶಗಳು ದ್ವಿಗುಣಿತದವುಗಳಿಗಿಂತ ಉದ್ದವಾಗಿಯೂ ರಂಧ್ರಗಳು ವಿರಳವಾಗಿಯೂ ಇರುತ್ತವೆ.

ಒಂದೇ ಪ್ರಭೇದದೊಳಗೆ ಎಂಬ ಷರತ್ತನ್ನು ಮರೆಯಬಾರದು. ಎಲೆ ದೊಡ್ಡದಾದರೆ ವರ್ಣತಂತು ಹೆಚ್ಚು ಎಂಬ ನಿಯಮವನ್ನು ಕಾಫಿಗೆ ಹಚ್ಚಿದರೆ ಮೊದಲ ಗಿಡದಲ್ಲೇ ಉತ್ತರ ತಲೆಕೆಳಗಾಗುತ್ತದೆ: ಅಗಲವಾದ, ಸುಕ್ಕುಸುಕ್ಕಾದ ದೊಡ್ಡ ಎಲೆ ಇರುವುದು 22 ವರ್ಣತಂತುಗಳ ರೋಬಸ್ಟಾಕ್ಕೆ, 44ರ ಅರೇಬಿಕಾದ ಎಲೆ ಚಿಕ್ಕದು. ಕಿತ್ತಳೆಯ ಸಸಿಗಳನ್ನು ಅವುಗಳ ಒಡನಾಡಿ ಸಸಿಗಳೊಡನೆ ಹೋಲಿಸುವಲ್ಲಿ ಈ ಪರೀಕ್ಷೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಪರಾಗಕ್ಕೆ ಒಂದು ಹನಿ ಅಸಿಟೋಕಾರ್ಮೈನ್ ಸಾಕು. ಅರೇಬಿಕಾದ ಕಣಗಳು ದುಂಡಗೆ, ತುಂಬಿಕೊಂಡು, ಕೆಂಪಗೆ ಕಾಣುತ್ತವೆ. ಶಂಕಿತ ತ್ರಿಗುಣಿತದಲ್ಲಿ ಗಾತ್ರ ಒಂದಕ್ಕೊಂದು ಹೊಂದದ, ಮುದುಡಿದ, ಬಣ್ಣ ಹಿಡಿಯದ ಕಣಗಳೇ ಹೆಚ್ಚಾಗಿದ್ದರೆ ಮುಂದಿನ ಹಂತಕ್ಕೆ ಹೋಗಲು ಕಾರಣ ಸಿಕ್ಕಿತು.

ನಾಲ್ಕನೆಯ ಹಂತ: ಬೇರಿನ ತುದಿಯಲ್ಲಿ ಎಣಿಕೆ

ಇಡೀ ಕೆಲಸದ ತಿರುಳು ಇಲ್ಲಿದೆ. ಇದಕ್ಕೆ ಬೇಕಾದದ್ದು ನೂರು ಪಟ್ಟಿನ ಎಣ್ಣೆ ಮಸೂರವಿರುವ ಸಾಧಾರಣ ಕಾಲೇಜು ಸೂಕ್ಷ್ಮದರ್ಶಕ, ಕೆಲವು ರಾಸಾಯನಿಕಗಳು ಮತ್ತು ಬೇಕಾದಷ್ಟು ತಾಳ್ಮೆ.

ಕಾಫಿ ಬೀಜವಾದರೆ ಪಾರ್ಚ್‌ಮೆಂಟ್ ಸಿಪ್ಪೆಯನ್ನು ಜಾಗ್ರತೆಯಿಂದ ತೆಗೆದು ತೊಳೆದ ಮರಳಿನಲ್ಲಿ ಹಾಕಿ. ಸಸಿ ಟೋಪಿ ಹಂತಕ್ಕೆ ಬರುವ ಮೊದಲೇ, ಬೇರು ಒಂದರಿಂದ ಒಂದೂವರೆ ಸೆಂಟಿಮೀಟರ್ ಉದ್ದವಿರುವಾಗ, ತುದಿಯನ್ನು ಕತ್ತರಿಸಬೇಕು. ತೋಟದಲ್ಲಿರುವ ದೊಡ್ಡ ಗಿಡವನ್ನೇ ಪರೀಕ್ಷಿಸಬೇಕಾದರೆ ಅದರ ಬೀಜ ಹಾಕುವುದು ಸರಿಯಲ್ಲ, ಏಕೆಂದರೆ ಬೀಜದೊಳಗಿರುವುದು ಮುಂದಿನ ತಲೆಮಾರು. ಎಳೆಯ ನೇರ ಚಿಗುರಿನ ಒಂದು ಗೆಣ್ಣಿನ ತುಂಡನ್ನು ಬೇರು ಬಿಡಿಸಿ ಅದರ ಬೇರನ್ನು ತೆಗೆದುಕೊಳ್ಳಿ. ಕರಿಮೆಣಸಿನಲ್ಲಿ ಈ ತೊಂದರೆಯಿಲ್ಲ; ಪಾಲಿಥೀನ್ ಚೀಲದಲ್ಲಿ ನೆಟ್ಟ ಬಳ್ಳಿಯ ತುಂಡಿನಿಂದ ಹೊಸ ಬಿಳಿ ಬೇರುಗಳು ಧಾರಾಳವಾಗಿ ಸಿಗುತ್ತವೆ.

ಬೆಳಿಗ್ಗೆ 9ರಿಂದ 11 ಗಂಟೆಯೊಳಗೆ ತುದಿಗಳನ್ನು ತೆಗೆಯುವುದು ರೂಢಿ. ಆದರೂ ನಿಮ್ಮ ಬೆಳೆಯಲ್ಲಿ ಕೋಶವಿಭಜನೆ ಯಾವಾಗ ಹೆಚ್ಚಿರುತ್ತದೆ ಎಂಬುದನ್ನು ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ ನಿರ್ಧರಿಸುವುದು ಉತ್ತಮ. ತೆಗೆದ ತುದಿಗಳನ್ನು ತೊಳೆದು ತಕ್ಷಣವೇ 8-ಹೈಡ್ರಾಕ್ಸಿಕ್ವಿನೊಲಿನ್ ದ್ರಾವಣದಲ್ಲಿ, ಒಂದು ಲೀಟರ್ ನೀರಿಗೆ 0.29 ಗ್ರಾಂ ಪ್ರಮಾಣದಲ್ಲಿ, ಸುಮಾರು 18 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ, ಕತ್ತಲೆಯಲ್ಲಿ 3ರಿಂದ 5 ಗಂಟೆ ಇಡಿ. ಇದು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಕದಿರನ್ನು (ಸ್ಪಿಂಡಲ್) ಕೆಡಿಸಿ ಕೋಶಗಳನ್ನು ವಿಭಜನೆಯ ಮಧ್ಯಾವಸ್ಥೆಯಲ್ಲೇ ನಿಲ್ಲಿಸುತ್ತದೆ ಮತ್ತು ವರ್ಣತಂತುಗಳನ್ನು ಮೊಟಕಾಗಿಸಿ ಬಿಡಿಬಿಡಿಯಾಗಿಸುತ್ತದೆ. ಮಡಿಕೇರಿಯ ಚಳಿಗಾಲದ ಕೋಣೆಯಲ್ಲಿ ಈ ತಂಪಿಗೆ ಬೇರೆ ಏರ್ಪಾಡು ಬೇಕಾಗುವುದಿಲ್ಲವೆಂಬುದು ನಮಗಿರುವ ಅನುಕೂಲ.

ಅನಂತರ ಮೂರು ಪಾಲು ಶುದ್ಧ ಈಥೈಲ್ ಆಲ್ಕೊಹಾಲ್ ಮತ್ತು ಒಂದು ಪಾಲು ಗ್ಲೇಶಿಯಲ್ ಅಸೆಟಿಕ್ ಆಮ್ಲದ, ಆಗತಾನೆ ಬೆರೆಸಿದ ಮಿಶ್ರಣದಲ್ಲಿ 24 ಗಂಟೆ ಇಡಬೇಕು. ಹಿಂದಿನ ವಾರ ಬೆರೆಸಿಟ್ಟ ಮಿಶ್ರಣ ಕೆಲಸಕ್ಕೆ ಬಾರದು. ಕೂಡಲೇ ಪರೀಕ್ಷಿಸಲಾಗದಿದ್ದರೆ ತುದಿಗಳನ್ನು ಶೇ. 70ರ ಆಲ್ಕೊಹಾಲಿಗೆ ಬದಲಿಸಿ ಫ್ರಿಜ್‌ನಲ್ಲಿಡಿ.

ಸ್ಲೈಡ್ ಮಾಡುವ ದಿನ ತುದಿಗಳನ್ನು ನೀರಿನಲ್ಲಿ ತೊಳೆದು, 60 ಡಿಗ್ರಿಗೆ ಬಿಸಿಮಾಡಿದ ಒಂದು ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 8ರಿಂದ 12 ನಿಮಿಷ ಇಡಿ. ಕೋಶಗಳನ್ನು ಅಂಟಿಸಿರುವ ಪದರ ಇದರಿಂದ ಸಡಿಲವಾಗುತ್ತದೆ. ಮತ್ತೆ ತೊಳೆದು, ಶೇ. 2ರ ಅಸಿಟೋಓರ್ಸೀನ್ ಅಥವಾ ಅಸಿಟೋಕಾರ್ಮೈನ್ ಬಣ್ಣದಲ್ಲಿ ನೆನೆಸಿ. ಆಮ್ಲ ಬಳಸುವಾಗ ಕೈಗವಸು ಮತ್ತು ಕಣ್ಣಿನ ರಕ್ಷಣೆ ಇರಲೇಬೇಕು.

ಈಗ ಕೈಚಳಕದ ಭಾಗ. ತುದಿಯ ಒಂದು ಮಿಲಿಮೀಟರ್ ಭಾಗ, ಉಳಿದದ್ದಕ್ಕಿಂತ ಗಾಢವಾಗಿ ಬಣ್ಣ ಹಿಡಿದದ್ದು, ಅಷ್ಟನ್ನೇ ಬ್ಲೇಡಿನಿಂದ ತೆಗೆದು ಸ್ಲೈಡಿನ ಮೇಲೆ ಶೇ. 45ರ ಅಸೆಟಿಕ್ ಆಮ್ಲದ ಒಂದು ಹನಿಯಲ್ಲಿಡಿ. ಹೆಚ್ಚು ಅಂಗಾಂಶ ಇಟ್ಟರೆ ಕೋಶಗಳು ಒಂದರ ಮೇಲೊಂದು ಕುಳಿತು ಏನೂ ಕಾಣುವುದಿಲ್ಲ. ಸೂಜಿಯಿಂದ ಬಿಡಿಸಿ, ಕವರ್ ಸ್ಲಿಪ್ ಹಾಕಿ, ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಕುಟ್ಟಿರಿ. ಹನಿ ಮೊದಲು ಕೆಂಪು ಗಂಟಿನಂತಿದ್ದು, ಕುಟ್ಟುತ್ತ ಹೋದಂತೆ ಮೋಡದಂತೆ ಹರಡಿ ತೆಳುವಾಗುತ್ತದೆ; ಆ ಹಂತಕ್ಕೆ ಬಂದಾಗ ನಿಲ್ಲಿಸಿ. ಸ್ಪಿರಿಟ್ ದೀಪದ ಮೇಲೆ ಎರಡು ಮೂರು ಬಾರಿ ಹಾಯಿಸಿ, ಕುದಿಯಲು ಬಿಡಬೇಡಿ. ಹೀರುಕಾಗದದ ಮಡಿಕೆಯೊಳಗಿಟ್ಟು ಹೆಬ್ಬೆರಳಿನಿಂದ ನೇರವಾಗಿ ಕೆಳಕ್ಕೆ ಬಲವಾಗಿ ಒತ್ತಿ. ಕವರ್ ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಕೋಶಗಳು ಸುರುಳಿಯಾಗಿ ಉರುಳಿ, ಆ ಸ್ಲೈಡ್ ಹಾಳಾಯಿತೆಂದೇ ತಿಳಿಯಿರಿ.

ಹತ್ತು ಪಟ್ಟಿನಲ್ಲಿ ಹುಡುಕಿ, ನೂರು ಪಟ್ಟಿನಲ್ಲಿ ಎಣಿಸಿ. ಕಾಫಿಯ ವರ್ಣತಂತುಗಳು ಬಹಳ ಚಿಕ್ಕವು, ಮಧ್ಯಾವಸ್ಥೆಯಲ್ಲಿ ಸುಮಾರು 1ರಿಂದ 3 ಮೈಕ್ರೋಮೀಟರ್ ಮಾತ್ರ. ಅರೇಬಿಕಾದ ಒಂದು ಒಳ್ಳೆಯ ಕೋಶದಲ್ಲಿ ಗೋಡೆಯ ಗುರುತು ಮಸುಕಾಗಿ, ನಡುವೆ ಕಡುಗೆಂಪಿನ ಮೋಟು ಕಡ್ಡಿಗಳು ಒಂದನ್ನೊಂದು ಮುಟ್ಟದೆ ಚದುರಿರುತ್ತವೆ. ಫೋಕಸ್ ತಿರುಪನ್ನು ಹಿಂದೆಮುಂದೆ ಆಡಿಸುತ್ತಾ, ಪ್ರತಿ ಕಡ್ಡಿಯನ್ನೂ ಕಾಗದದ ಮೇಲೆ ಗುರುತಿಸುತ್ತಾ ಎಣಿಸಿ. ಮೊಬೈಲ್ ಚಿತ್ರವೊಂದನ್ನೇ ನಂಬಿದರೆ ಮೇಲೆಕೆಳಗೆ ಕುಳಿತ ಎರಡು ಕಡ್ಡಿಗಳು ಒಂದಾಗಿ ಕಾಣುತ್ತವೆ. 43 ಅಥವಾ 42 ಬಂದರೆ ವರ್ಣತಂತು ಕಳೆದಿದೆ ಎಂದು ಬರೆಯುವ ಮೊದಲು ಒತ್ತುವಾಗ ಒಂದೆರಡು ಕೋಶದಿಂದ ಹೊರಗೆ ಹಾರಿವೆಯೇ ಎಂದು ಸುತ್ತಮುತ್ತ ನೋಡಿ. ಒಂದು ಗಿಡದ ಹಲವು ಬೇರುಗಳಿಂದ ಕನಿಷ್ಠ ಹತ್ತು ಸ್ಪಷ್ಟ ಕೋಶಗಳಲ್ಲಿ ಒಂದೇ ಸಂಖ್ಯೆ ಬಂದಾಗ ಮಾತ್ರ ಅದನ್ನು ಆ ಗಿಡದ ಸಂಖ್ಯೆಯೆಂದು ದಾಖಲಿಸಿ.

ಈ ಸರಳ ವಿಧಾನದ ಬಲವೇನೆಂದು ತಿಳಿಯಬೇಕಾದರೆ ಕೊಡಗಿಗೆ ಹತ್ತಿರದ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಇ.ಕೆ. ಜಾನಕಿ ಅಮ್ಮಾಳ್ ಅವರ ಕೆಲಸವನ್ನು ನೆನೆಯಬೇಕು. ಕೊಯಮತ್ತೂರಿನಲ್ಲಿ ಕಬ್ಬಿನ ಸಂಕರಗಳ ವರ್ಣತಂತುಗಳನ್ನು ಅಧ್ಯಯನ ಮಾಡಿದ ಅವರು, ಮುಂದೆ ಬೇಸಾಯದ ಸಸ್ಯಗಳ ವರ್ಣತಂತು ಸಂಖ್ಯೆಗಳನ್ನು ಸಿ.ಡಿ. ಡಾರ್ಲಿಂಗ್ಟನ್ ಅವರೊಡನೆ ಸಂಗ್ರಹಿಸಿ 1945ರಲ್ಲಿ ಪ್ರಕಟಿಸಿದರು.

ಐದನೆಯ ಹಂತ: ಮೊಗ್ಗಿನಲ್ಲಿ ಜೋಡಿಗಳನ್ನು ನೋಡುವುದು

ಬೇರಿನ ಎಣಿಕೆ 44 ಎಂದಿತು. ಆದರೆ ಅವು ಹನ್ನೊಂದರ ನಾಲ್ಕು ಸಮಾನ ಪ್ರತಿಗಳೋ ಅಥವಾ ಎರಡು ಬೇರೆ ವಂಶಗಳ ಎರಡೆರಡು ಪ್ರತಿಗಳೋ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಸುಳಿವು ಸಿಗುವುದು ಪರಾಗ ತಯಾರಾಗುವಾಗಿನ ಅರೆವಿಭಜನೆಯಲ್ಲಿ (ಮಿಯೋಸಿಸ್). ಹೂಮಳೆ ಬಿದ್ದ ದಿನದಿಂದ ಹೂ ಅರಳುವವರೆಗೆ ಪ್ರತಿದಿನವೂ ಬೇರೆಬೇರೆ ಗಾತ್ರದ ಮೊಗ್ಗುಗಳನ್ನು ತೆಗೆದು ಅದೇ ಆಲ್ಕೊಹಾಲ್-ಅಸೆಟಿಕ್ ಮಿಶ್ರಣದಲ್ಲಿಡಿ. ಈ ಅವಕಾಶ ವರ್ಷಕ್ಕೆ ಕೆಲವೇ ದಿನ ಸಿಗುವುದರಿಂದ ಮಾರ್ಚ್ ಹೊತ್ತಿಗೆ ಸೀಸೆಗಳು ಸಿದ್ಧವಾಗಿರಲಿ. ಸ್ಪ್ರಿಂಕ್ಲರ್ ಇರುವ ತೋಟದಲ್ಲಾದರೆ ದಿನವನ್ನು ನೀವೇ ನಿರ್ಧರಿಸಬಹುದು. ಪರಾಗಕೋಶವನ್ನು ಅಸಿಟೋಕಾರ್ಮೈನ್‌ನಲ್ಲಿ ಹಿಂಡಿ ನೋಡಿದರೆ ಅರೇಬಿಕಾದಲ್ಲಿ ಸಾಮಾನ್ಯವಾಗಿ 22 ಜೋಡಿಗಳು ಕಾಣುತ್ತವೆ. ನಾಲ್ಕು ಸಮಾನ ಪ್ರತಿಗಳಿದ್ದರೆ ನಾಲ್ಕುನಾಲ್ಕು ಸೇರಿದ ಗುಂಪುಗಳೂ ಕಾಣುವ ಸಂಭವವಿತ್ತು. ತ್ರಿಗುಣಿತದಲ್ಲಿ ಜೋಡಿ ಸಿಗದೆ ಒಂಟಿಯಾಗಿ ಉಳಿದ ವರ್ಣತಂತುಗಳು ಎತ್ತೆತ್ತಲೋ ಹಂಚಿಹೋಗುತ್ತವೆ, ಮತ್ತು ಕಾಯಿ ಕಟ್ಟದಿರುವುದಕ್ಕೂ ನೇಂದ್ರದಲ್ಲಿ ಬೀಜವಿಲ್ಲದಿರುವುದಕ್ಕೂ ಇದು ಮುಖ್ಯ ಕಾರಣಗಳಲ್ಲೊಂದು.

ಜೋಡಿಗಳು ಮಾತ್ರ ಕಂಡವೆಂದು ಪರಬಹುಗುಣಿತವೆಂದು ತೀರ್ಮಾನಿಸಲಾಗದು. ಗೋಧಿಯ 42 ವರ್ಣತಂತುಗಳಲ್ಲಿ ಮೂರು ವಂಶಗಳ ಸಮೂಹಗಳಿದ್ದರೂ ಅವು 21 ಜೋಡಿಗಳಾಗಿಯೇ ಕೂಡುವುದಕ್ಕೆ 5ಬಿ ವರ್ಣತಂತುವಿನ ಮೇಲಿರುವ ಪಿಎಚ್1 ಎಂಬ ತಾಣ ಕಾರಣ. ಅದನ್ನು ತೆಗೆದರೆ ಬೇರೆ ವಂಶದ ವರ್ಣತಂತುಗಳೂ ಪರಸ್ಪರ ಕೂಡತೊಡಗುತ್ತವೆ. ಜೋಡಿಯಾಗುವುದೂ ವಂಶವಾಹಿಗಳ ನಿಯಂತ್ರಣದಲ್ಲಿರುವ ಗುಣವೇ. ಅರೇಬಿಕಾದ ವಂಶವನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು, ಪೂರ್ವಜ ಪ್ರಭೇದಗಳ ಡಿಎನ್‌ಎಗೆ ಹೊಳೆಯುವ ಬಣ್ಣ ಕೊಟ್ಟು ಅರೇಬಿಕಾದ ವರ್ಣತಂತುಗಳ ಮೇಲೆ ಅಂಟಿಸುವ ವಿಧಾನ. ದೆಹಲಿಯ ಎಸ್.ಎನ್. ರೈನಾ ಮತ್ತು ಸಂಗಡಿಗರು 1998ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದರು.

ಆರನೆಯ ಹಂತ: ಡಿಎನ್‌ಎ ತೂಕ

ನೂರಾರು ಸಸಿಗಳನ್ನು ಪರೀಕ್ಷಿಸಬೇಕಾದಾಗ ಸ್ಲೈಡ್ ಮಾಡುತ್ತಾ ಕೂರುವುದು ಸಾಧ್ಯವಿಲ್ಲ. ಬಣ್ಣ ಹಿಡಿದ ಕೋಶಕೇಂದ್ರಗಳ ಹೊಳಪಿನಿಂದ ಡಿಎನ್‌ಎ ಪ್ರಮಾಣ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರ ಇರುವ ಸಂಶೋಧನಾಲಯದ ನೆರವು ಪಡೆಯಿರಿ. ಎಳೆಯ ಎಲೆಯ ಚಿಕ್ಕ ತುಂಡನ್ನೂ ಅಳತೆಗೋಲಾಗಿ ಟೊಮೆಟೊ ಎಲೆಯ ತುಂಡನ್ನೂ ಒಂದೇ ಬಟ್ಟಲಿನ ತಣ್ಣನೆಯ ದ್ರಾವಣದಲ್ಲಿ ಹೊಸ ಬ್ಲೇಡಿನಿಂದ ಕೊಚ್ಚಿ, ಸೋಸಿ, ಕೋಶಕೇಂದ್ರಗಳಿಗೆ ಬಣ್ಣ ಕೊಟ್ಟು ಯಂತ್ರದಲ್ಲಿ ಹಾಯಿಸುತ್ತಾರೆ. ಟೊಮೆಟೊ ಕೋಶಕೇಂದ್ರದ ಡಿಎನ್‌ಎ ತೂಕ 1.96 ಪಿಕೋಗ್ರಾಂ ಎಂದಿಟ್ಟುಕೊಂಡರೆ, ನಿಮ್ಮ ಗಿಡದ ಶಿಖರ ಅದರ 1.33 ಪಟ್ಟಿಗೆ ಬಂದಾಗ ತೂಕ ಸುಮಾರು 2.6, ಇದು ಅರೇಬಿಕಾಗೆ ಹೊಂದುತ್ತದೆ, 0.72 ಪಟ್ಟಿಗೆ ಬಂದರೆ ಸುಮಾರು 1.4, ಇದು ರೋಬಸ್ಟಾದ್ದು. ಕಾಫಿ ಎಲೆಯ ಕ್ಲೋರೋಜೆನಿಕ್ ಆಮ್ಲ ಮತ್ತು ಕೆಫೀನ್ ಬಣ್ಣ ಹಿಡಿಯುವುದರ ಮೇಲೆ ಪರಿಣಾಮ ಬೀರುವುದರಿಂದ, ದ್ರಾವಣಕ್ಕೆ ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್) ಸೇರಿಸಬೇಕು ಮತ್ತು ಸಂಖ್ಯೆ ತಿಳಿದ ಅರೇಬಿಕಾ, ರೋಬಸ್ಟಾ ಎಲೆಗಳನ್ನು ಅದೇ ದಿನ ಜೊತೆಗೇ ನೋಡಬೇಕು.

ಏಳನೆಯ ಹಂತ: ಜೀನೋಮ್ ದತ್ತಾಂಶವನ್ನು ಓದುವುದು

ಇಲ್ಲಿಂದ ಮುಂದಿನ ಕೆಲಸಕ್ಕೆ ತೋಟ ಬೇಡ, ಒಂದು ಕಂಪ್ಯೂಟರ್ ಸಾಕು. ಅರೇಬಿಕಾ, ರೋಬಸ್ಟಾ, ದ್ರಾಕ್ಷಿ, ಟೊಮೆಟೊ, ಭತ್ತ ಮೊದಲಾದ ಬೆಳೆಗಳ ಜೀನೋಮ್‌ಗಳು ಎನ್‌ಸಿಬಿಐ ಎಂಬ ಅಮೆರಿಕದ ಸಾರ್ವಜನಿಕ ದತ್ತಾಂಶ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ.

ನಿಮ್ಮದೇ ಗಿಡದ ಕಿರುತುಣುಕಿನ ಡಿಎನ್‌ಎ ಓದುಗಳಿದ್ದರೆ ಮೊದಲು ಅವುಗಳಲ್ಲಿ 21 ಅಕ್ಷರಗಳ ತುಣುಕುಗಳು ಎಷ್ಟೆಷ್ಟು ಬಾರಿ ಬರುತ್ತವೆಂದು ಎಣಿಸಿ, ಜೀನೋಮ್‌ಸ್ಕೋಪ್ 2.0 ಮತ್ತು ಸ್ಮಜ್‌ಪ್ಲಾಟ್ ತಂತ್ರಾಂಶಗಳಿಗೆ ಕೊಡಿ. ಚತುರ್ಗುಣಿತದಲ್ಲಿ ಒಂದು ತಾಣದ ನಾಲ್ಕು ಪ್ರತಿಗಳಲ್ಲಿ ಮೂರು ಒಂದು ಬಗೆ, ಒಂದು ಇನ್ನೊಂದು ಬಗೆ ಇರುವ ವಿನ್ಯಾಸ ಹೆಚ್ಚಿದ್ದರೆ ಸ್ವಬಹುಗುಣಿತದ ಕಡೆಗೂ, ಎರಡು ಒಂದು ಬಗೆ, ಎರಡು ಇನ್ನೊಂದು ಬಗೆ ಇರುವುದು ಹೆಚ್ಚಿದ್ದರೆ ಪರಬಹುಗುಣಿತದ ಕಡೆಗೂ ವಾಲಬಹುದು. ಅರೇಬಿಕಾ ಎರಡನೆಯ ವಿನ್ಯಾಸವನ್ನು ತೋರಿಸುವುದು ಸಹಜ, ಏಕೆಂದರೆ ಸ್ವಕೀಯ ಪರಾಗದಿಂದಲೇ ಕಾಯಿ ಕಟ್ಟುವ ಅದರಲ್ಲಿ ಪ್ರತಿ ವಂಶದೊಳಗಿನ ಎರಡು ಪ್ರತಿಗಳು ಬಹುತೇಕ ಒಂದೇ ರೀತಿ ಇರುತ್ತವೆ.

ಮುಂದಿನದು ಸಾಲುಹೋಲಿಕೆ. ಎರಡು ಜೀನೋಮ್‌ಗಳ ಪ್ರೋಟೀನ್‌ಗಳನ್ನು ಪರಸ್ಪರ ಹೋಲಿಸಿದ ಬ್ಲಾಸ್ಟ್ (ಸಾಮ್ಯ ಹುಡುಕುವ ತಂತ್ರಾಂಶ) ಫಲಿತಾಂಶವನ್ನೂ ವಂಶವಾಹಿಗಳ ಸ್ಥಾನಪಟ್ಟಿಯನ್ನೂ ಎಂಸಿಸ್ಕ್ಯಾನ್‌ಎಕ್ಸ್ ತಂತ್ರಾಂಶಕ್ಕೆ ಕೊಟ್ಟರೆ, ಒಂದೇ ಅನುಕ್ರಮದಲ್ಲಿ ಕನಿಷ್ಠ ಐದು ವಂಶವಾಹಿಗಳು ಉಳಿದಿರುವ ಪಟ್ಟಿಗಳನ್ನು ಅದು ತೆಗೆದುಕೊಡುತ್ತದೆ. ಅದರೊಡನೆ ಬರುವ ವರ್ಗೀಕರಣ ಸಾಧನವು ಸಾಲು ನಕಲುಗಳನ್ನೂ ಇಡೀ ಜೀನೋಮ್ ನಕಲುಗಳನ್ನೂ ಬೇರ್ಪಡಿಸುತ್ತದೆ. ಮೊದಲ ಹಂತದಲ್ಲಿ ಹೇಳಿದ ಕೆಫೀನ್ ವಂಶವಾಹಿಗಳನ್ನು ಇದರಲ್ಲಿ ಹುಡುಕಿ ನೋಡುವುದು ಒಳ್ಳೆಯ ಅಭ್ಯಾಸ.

ಬಂದ ಪಟ್ಟಿಗಳನ್ನು ಅನುಪಾತದಲ್ಲಿ ಓದಬೇಕು. ರೋಬಸ್ಟಾದ ಒಂದು ಭಾಗಕ್ಕೆ ದ್ರಾಕ್ಷಿಯಲ್ಲಿ ಒಂದೇ ಸಮೀಪದ ಜೊತೆ ಸಿಗುತ್ತದೆ. ಟೊಮೆಟೊದಲ್ಲಿ ಮೂರರವರೆಗೆ ಸಿಗುತ್ತವೆ. ಇದರ ಅರ್ಥ, ಟೊಮೆಟೊ ಬಳಗದ ಜೀನೋಮ್ ಕಾಫಿಯಿಂದ ಬೇರೆಯಾದ ಮೇಲೆ ಮುಮ್ಮಡಿಯಾಗಿದೆ, ರೋಬಸ್ಟಾದ್ದು ಹಾಗೆ ಆಗಿಲ್ಲ. ಹಾಗೆಂದು ರೋಬಸ್ಟಾ ಎಂದೂ ಬಹುಗುಣಿತವಾಗಿರಲಿಲ್ಲ ಎಂದಲ್ಲ. 2007ರಲ್ಲಿ ದ್ರಾಕ್ಷಿ ಜೀನೋಮ್ ಪ್ರಕಟವಾದಾಗ, ದ್ವಿದಳ ಸಸ್ಯಗಳ ಬಹುಪಾಲಿನ ಪೂರ್ವಜ ಸುಮಾರು 12 ಕೋಟಿ ವರ್ಷಗಳ ಹಿಂದೆ ಮುಮ್ಮಡಿಯಾಗಿತ್ತೆಂಬುದು ಸ್ಪಷ್ಟವಾಯಿತು. ಏಳು ಮೂಲ ವರ್ಣತಂತುಗಳು 21 ಆಗಿ, ಮುಂದೆ ಒಂದರೊಡನೊಂದು ಬೆಸೆದು, ಮುರಿದು, ಮತ್ತೆ ಬೆಸೆದು ಇಂದಿನ ದ್ರಾಕ್ಷಿಯ 19 ಜೋಡಿ, ಕಾಫಿಯ 11 ಜೋಡಿ ಉಳಿದಿವೆ. ನಾವು ದ್ವಿಗುಣಿತವೆನ್ನುವ ರೋಬಸ್ಟಾ, ಕಿತ್ತಳೆಗಳೆಲ್ಲ ಆ ಹಳೆಯ ಬಹುಗುಣಿತದ ಸಂತತಿಯೇ.

ಸಂಖ್ಯೆ ವಂಶವನ್ನು ಹೇಳದು ಎಂಬುದಕ್ಕೆ ಹುಲ್ಲಿನ ಕುಟುಂಬದಲ್ಲಿ ಇನ್ನೂ ಗಟ್ಟಿಯಾದ ಸಾಕ್ಷ್ಯವಿದೆ. ಜೋಳದಲ್ಲೂ ಮುಸುಕಿನ ಜೋಳದಲ್ಲೂ ಹತ್ತು ಹತ್ತು ಜೋಡಿ ವರ್ಣತಂತುಗಳಿವೆ. ಸಂಖ್ಯೆ ಮಾತ್ರ ನೋಡಿದರೆ ಅವೆರಡೂ ಒಂದೇ ಮಟ್ಟದವು. ಆದರೆ ಸಾಲುಹೋಲಿಕೆಯಲ್ಲಿ ಜೋಳದ ಒಂದೊಂದು ಭಾಗಕ್ಕೂ ಮುಸುಕಿನ ಜೋಳದಲ್ಲಿ ಎರಡೆರಡು ಜೊತೆ ಸಿಗುತ್ತವೆ. ಜೋಳದಿಂದ ಬೇರೆಯಾದ ಮೇಲೆ ಮುಸುಕಿನ ಜೋಳದ ಪೂರ್ವಜ ಇಮ್ಮಡಿಯಾಗಿ, ಅನಂತರ ವರ್ಣತಂತುಗಳು ಒಂದರೊಳಗೊಂದು ಸೇರಿಕೊಂಡು ಮತ್ತೆ ಹತ್ತಕ್ಕೆ ಇಳಿದವು. ಇಮ್ಮಡಿಯಾದ ವಂಶವಾಹಿಗಳಲ್ಲಿ ಒಂದು ಪ್ರತಿ ಅನೇಕ ಕಡೆ ಕಳೆದುಹೋಯಿತು. ಅರೇಬಿಕಾದಲ್ಲಿ ಈ ಕಳೆಯುವಿಕೆ ಇನ್ನೂ ಅಷ್ಟಾಗಿ ನಡೆದಿಲ್ಲ, ಎರಡೂ ಕಡೆಯ ವಂಶವಾಹಿಗಳು ಬಹುಮಟ್ಟಿಗೆ ಹಾಗೆಯೇ ಇವೆ.

ಎಂಟನೆಯ ಹಂತ: ಕಾಲನಿರ್ಣಯ

ಪ್ರತಿ ಜೋಡಿ ನಕಲು ವಂಶವಾಹಿಗಳ ನಡುವೆ, ಪ್ರೋಟೀನನ್ನು ಬದಲಿಸದ ಮೌನ ವ್ಯತ್ಯಾಸಗಳ ಪ್ರಮಾಣವನ್ನು, ಅಂದರೆ ಕೆಎಸ್ ಮೌಲ್ಯವನ್ನು ಲೆಕ್ಕಹಾಕಿ ಸ್ತಂಭಚಿತ್ರ ಬರೆಯಿರಿ. ಒಟ್ಟಿಗೆ ನಕಲಾದ ಸಾವಿರಾರು ಜೋಡಿಗಳು ಒಂದೇ ಮೌಲ್ಯದ ಸುತ್ತ ಸೇರಿ ಶಿಖರವಾಗುತ್ತವೆ. ಶಿಖರದ ಮೌಲ್ಯವನ್ನು ಬದಲಾವಣೆಯ ವೇಗದ ಎರಡು ಪಟ್ಟಿನಿಂದ ಭಾಗಿಸಿದರೆ ಕಾಲ ಬರುತ್ತದೆ. ಈ ವೇಗದ ಆಯ್ಕೆಯಲ್ಲೇ ತೊಡಕಿದೆ. ಶಿಖರ 0.12ರಲ್ಲಿದೆ ಎನ್ನೋಣ. ವರ್ಷಕ್ಕೆ ಪ್ರತಿ ನೂರು ಕೋಟಿ ತಾಣಗಳಲ್ಲಿ 6.1 ಬದಲಾವಣೆ ಎಂದು ಹಿಡಿದರೆ ಸುಮಾರು 98 ಲಕ್ಷ ವರ್ಷ. 15 ಎಂದು ಹಿಡಿದರೆ 40 ಲಕ್ಷ ವರ್ಷ. ಎರಡೂ ವೇಗಗಳು ಬಳಕೆಯಲ್ಲಿವೆ. ಆದ್ದರಿಂದ ಯಾವ ವೇಗ ಬಳಸಿದಿರಿ, ಏಕೆ ಎಂಬುದನ್ನು ಬರೆಯದ ಕಾಲಗಣನೆಗೆ ಬೆಲೆಯಿಲ್ಲ. ಕಾಫಿಯಂಥ ದೀರ್ಘಾಯುಷಿ ಗಿಡಗಳಲ್ಲಿ ವೇಗ ನಿಧಾನ ಎಂಬುದೂ ಗಮನದಲ್ಲಿರಲಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಎಚ್ಚರಿಕೆ ಇದೆ, ಮತ್ತು ಅದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಲೇಬೇಕು. ಪರಬಹುಗುಣಿತದ ಎರಡು ಭಾಗಗಳ ನಡುವಿನ ಕೆಎಸ್ ಶಿಖರ ತೋರಿಸುವುದು ಪೂರ್ವಜ ಪ್ರಭೇದಗಳು ಒಂದರಿಂದೊಂದು ಅಗಲಿದ ಕಾಲವನ್ನು. ಅವು ಮತ್ತೆ ಕೂಡಿ ಹೊಸ ಗಿಡ ಹುಟ್ಟಿದ ಕಾಲವನ್ನಲ್ಲ. ಕೆನೆಫೋರಾ ಮತ್ತು ಯೂಜಿನಿಯಾಯ್ಡಿಸ್ ಅಗಲಿ ಹಲವು ದಶಲಕ್ಷ ವರ್ಷಗಳಾಗಿವೆ. ಅವುಗಳ ಸಂಗಮ ಅದಕ್ಕಿಂತ ಬಹಳ ಈಚಿನದು. ಸಂಗಮದ ಕಾಲವನ್ನು ತಿಳಿಯಲು ಕಾಡು ಮತ್ತು ಬೇಸಾಯದ ಅನೇಕ ಗಿಡಗಳ ವೈವಿಧ್ಯವನ್ನು ಹೋಲಿಸಬೇಕಾಗುತ್ತದೆ. 2020ರ ಒಂದು ಅಧ್ಯಯನ ಅದನ್ನು 10ರಿಂದ 20 ಸಾವಿರ ವರ್ಷಗಳ ಹಿಂದಕ್ಕೆ ಹಾಕಿದರೆ, 2024ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನ ಸುಮಾರು 6 ಲಕ್ಷ 10 ಸಾವಿರ ವರ್ಷಗಳ ಅಂದಾಜನ್ನು ಕೊಟ್ಟಿತು. ಇಷ್ಟು ದೊಡ್ಡ ಅಂತರ ಬರುವುದು ಮಾದರಿಯ ಊಹೆಗಳಿಂದ ಮತ್ತು ಆರಿಸಿದ ಗಿಡಗಳಿಂದ. ಅರೇಬಿಕಾದ ವೈವಿಧ್ಯ ಬಹಳ ಕಿರಿದಾಗಿರುವುದರಿಂದ ಈ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಮತ್ತು ತುಕ್ಕುರೋಗಕ್ಕೆ ತಡೆಯನ್ನು ಹೊರಗಿನಿಂದ, ರೋಬಸ್ಟಾದಿಂದಲೂ ಲೈಬೀರಿಕಾ ಎಂಬ ಮತ್ತೊಂದು ಕಾಫಿ ಪ್ರಭೇದದಿಂದಲೂ ತರಬೇಕಾಗಿ ಬಂದದ್ದಕ್ಕೆ ಕಾರಣವೂ ಈ ಕಿರಿದಾದ ವೈವಿಧ್ಯವೇ. ಎಸ್.795ರಲ್ಲಿರುವ ಎಸ್‌ಎಚ್3 ಎಂಬ ತಡೆ ವಂಶವಾಹಿ ಲೈಬೀರಿಕಾದ ಕಡೆಯದು.

ಒಂಬತ್ತನೆಯ ಹಂತ: ಕೃತಕವಾಗಿ ಇಮ್ಮಡಿಗೊಳಿಸುವುದು

ವರ್ಣತಂತುಗಳನ್ನು ಇಮ್ಮಡಿಗೊಳಿಸಲು ಕೊಲ್ಚಿಸಿನ್ ಬಳಸಬಹುದೆಂಬುದು 1937ರಿಂದ ತಿಳಿದಿದೆ. ಎಳೆಕದಿರನ್ನು ಕಟ್ಟಲು ಬಿಡದ ಈ ರಾಸಾಯನಿಕವನ್ನು ಬೆಳೆಯುವ ತುದಿಗೆ ಹಚ್ಚಿದಾಗ ನಕಲಾದ ವರ್ಣತಂತುಗಳು ಬೇರೆಯಾಗದೆ ಒಂದೇ ಕೋಶದಲ್ಲಿ ಉಳಿಯುತ್ತವೆ. ಸಾಮಾನ್ಯವಾಗಿ ಶೇ. 0.1ರ ಆಸುಪಾಸಿನ ದ್ರಾವಣದಲ್ಲಿ ನೆನೆಸಿದ ಹತ್ತಿಯನ್ನು ಕುಡಿಯ ಮೇಲೆ ಕೆಲವು ಗಂಟೆ ಇಡುತ್ತಾರೆ. ಚಿಕಿತ್ಸೆಯಾದ ಕುಡಿಯಲ್ಲಿ ಇಮ್ಮಡಿಯಾದ ಮತ್ತು ಆಗದ ಕೋಶಗಳು ಬೆರೆತಿರುವುದರಿಂದ, ಮೂರನೆಯ ಹಂತದ ಎಲೆ ಪರೀಕ್ಷೆಯನ್ನು ಹೊಸ ಚಿಗುರುಗಳ ಮೇಲೆ ಪದೇಪದೇ ಮಾಡಿ, ಪೂರ್ತಿ ಇಮ್ಮಡಿಯಾದ ಕೊಂಬೆಯನ್ನು ಬೇರ್ಪಡಿಸಬೇಕಾಗುತ್ತದೆ. 22ರ ರೋಬಸ್ಟಾವನ್ನು ಹೀಗೆ 44ಕ್ಕೆ ಏರಿಸಿ ಅರೇಬಿಕಾದೊಡನೆ ಕೂಡಿಸಿದ ಗಿಡಗಳನ್ನೇ ಅರಬಸ್ಟಾ ಎನ್ನುತ್ತಾರೆ.

ಇದನ್ನು ಪ್ರಯೋಗಾಲಯದ ಹೊರಗೆ ಮಾಡಲೇಬಾರದು. ಕೊಲ್ಚಿಸಿನ್ ಅಲ್ಪ ಪ್ರಮಾಣದಲ್ಲೂ ಜೀವಕ್ಕೆ ಅಪಾಯಕಾರಿ. ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ ಗೌರಿಹೂವಿನ, ಅಂದರೆ ಅಗ್ನಿಶಿಖೆಯ, ಗೆಡ್ಡೆಯಲ್ಲೂ ಬೀಜದಲ್ಲೂ ಇದೇ ವಿಷವಿದೆ. ಆ ಗೆಡ್ಡೆಯನ್ನು ಅರೆದು ಪ್ರಯೋಗ ಮಾಡಲು ಯಾರೂ ಹೊರಡಬಾರದು.

ಕೊನೆಯ ಹಂತ: ದಾಖಲೆ

ವರದಿಯಲ್ಲಿ ಗಿಡಕ್ಕೆ ಕಟ್ಟಿದ ಪಟ್ಟಿಯ ಸಂಖ್ಯೆ, ತೋಟದ ಊರು ಮತ್ತು ಎತ್ತರ, ಬೇರು ಅಥವಾ ಮೊಗ್ಗು ತೆಗೆದ ದಿನ, ಎಣಿಸಿದ ಕೋಶಗಳ ಸಂಖ್ಯೆ, ಅವುಗಳಲ್ಲಿ ಎಷ್ಟರಲ್ಲಿ ಯಾವ ಸಂಖ್ಯೆ ಬಂತು ಎಂಬುದನ್ನೆಲ್ಲ ಬರೆಯಿರಿ. ಹೊಂದದ ಎಣಿಕೆಗಳನ್ನು ಬಿಟ್ಟುಬಿಡಬೇಡಿ. ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೋ ವಾಕ್ಯವೂ ಅಲ್ಲಿಗೇ ನಿಲ್ಲಲಿ: ಬೇರಿನ ಎಣಿಕೆ ಮಾತ್ರ ಮಾಡಿದ್ದರೆ ಈ ಗಿಡದಲ್ಲಿ 33 ವರ್ಣತಂತುಗಳಿವೆ ಎಂದು ಬರೆಯಿರಿ, ಇದು ಅರೇಬಿಕಾ ಮತ್ತು ರೋಬಸ್ಟಾದ ಸಂಕರ ಎಂಬ ವಾಕ್ಯಕ್ಕೆ ಡಿಎನ್‌ಎ ಸಾಕ್ಷ್ಯ ಬೇಕು. ಹೂವು, ಕಾಯಿ ಸಹಿತ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ ಕಾಲೇಜಿನ ಸಸ್ಯಸಂಗ್ರಹದಲ್ಲಿಡಿ. ನಿಜಕ್ಕೂ ಅಸಾಮಾನ್ಯ ಗಿಡ ಸಿಕ್ಕಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಿಗೆ ತೋರಿಸಿ. ಏಲಕ್ಕಿಯಾದರೆ ಅಪ್ಪಂಗಳದ ಕೇಂದ್ರ, ಕಿತ್ತಳೆಯಾದರೆ ಚೆಟ್ಟಳ್ಳಿಯಲ್ಲೇ ಇರುವ ತೋಟಗಾರಿಕಾ ಪ್ರಯೋಗ ಕೇಂದ್ರ ಸೂಕ್ತ. ಕಾಯಿ ಕಟ್ಟದ ಗಿಡವನ್ನು ದಂಡವೆಂದು ಕಿತ್ತು ಹಾಕುವ ರೂಢಿ ತೋಟಗಳಲ್ಲಿ ಇರುವುದರಿಂದ, ಕಪಾತು ಆರಂಭವಾಗುವ ಮೊದಲೇ ಅದರ ಬುಡಕ್ಕೆ ಬಿಳಿ ಬಣ್ಣ ಹಚ್ಚಿ, ಕೆಲಸಕ್ಕೆ ಬರುವವರಿಗೂ ರೈಟರಿಗೂ ಆ ಗಿಡವನ್ನು ಕರೆದೊಯ್ದು ತೋರಿಸಿಡಿ.